ಮಾಸ್ಟೊಡಾನ್ ಸರ್ವರ್ ನಡೆಸುವವರು ನಮ್ಮ ಖಾಸಗಿ ಮೆಸೇಜ್ ಓದಬಹುದಾ?

ಓದಬಹುದು. ಮಾಸ್ಟೊಡಾನ್ ಅಂದರೆ ಬೇರೆ ಬೇರೆ ಜನ ನಡೆಸುವ ಸರ್ವರ್‌ಗಳು ಒಂದಕ್ಕೊಂದು ಬೆಸೆದುಕೊಂಡಿರುವ ಸಾಮಾಜಿಕ ಜಾಲತಾಣ. ನೀವು ಒಬ್ಬರಿಗೇ ಕಳಿಸಿದ ಮೆಸೇಜ್‌ಗೂ ಇಲ್ಲಿ ವಾಟ್ಸಾಪ್‌ನಲ್ಲಿರುವಂಥ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ಬೇರೆಯವರಿಗೆ ಓದಲಾಗದಂಥ ಗೂಢಲಿಪಿ) ಇಲ್ಲ. ಮೆಸೇಜ್‌ಗಳೆಲ್ಲ ಸೇರಿರುವ ಡೇಟಾಬೇಸ್ ಕೈಯಲ್ಲಿರುವ ಅಡ್ಮಿನ್‌ಗೆ, ಅಂದರೆ ಸರ್ವರ್ ನಡೆಸುವವರಿಗೆ, ಅದು ಕಾಣುತ್ತದೆ. ಪಡೆದವರ ಖಾತೆ ಬೇರೆ ಸರ್ವರ್‌ನಲ್ಲಿದ್ದರೆ ಅಲ್ಲೂ ಒಂದು ಪ್ರತಿ ಇರುತ್ತದೆ.

ಅಡ್ಮಿನ್ ಒಳ್ಳೆಯವರಾದರೆ ಸಾಕು ಅಂದ್ಕೋಬೇಡಿ. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಕೊಲೆಕ್ಟಿವಾ ಎಂಬ ಮಾಸ್ಟೊಡಾನ್ ಸರ್ವರ್‌ನ ಅಡ್ಮಿನ್ ಒಬ್ಬರ ಮನೆ ಮೇಲೆ ಎಫ್‌ಬಿಐ ದಾಳಿ ಮಾಡಿತು. ಆ ಪ್ರಕರಣಕ್ಕೂ ಸರ್ವರ್‌ಗೂ ಸಂಬಂಧವೇ ಇರಲಿಲ್ಲ. ಆದರೂ ಜಪ್ತಿಯಾದ ಸಾಮಾನಿನ ಜೊತೆ ಡೇಟಾಬೇಸ್ ಬ್ಯಾಕಪ್ ಕೂಡ ಹೋಯಿತು, ಅದೂ ಎನ್‌ಕ್ರಿಪ್ಟ್ ಆಗದೇ ಇದ್ದದ್ದು. ಸದಸ್ಯರ ಇಮೇಲ್, ಪೋಸ್ಟ್‌ಗಳು, ಖಾಸಗಿ ಮೆಸೇಜ್‌ಗಳು ಎಲ್ಲ ಅದರಲ್ಲಿದ್ದವು. ಆ ಸದಸ್ಯರ ತಪ್ಪೇನಿತ್ತು ಹೇಳಿ?

ನೀವೇ ಸರ್ವರ್ ನಡೆಸುತ್ತಿದ್ದರೆ ಮೊದಲು ಬ್ಯಾಕಪ್ ಎನ್‌ಕ್ರಿಪ್ಟ್ ಮಾಡಿ. ಮಾಸ್ಟೊಡಾನ್ ಸದಸ್ಯರ ಐಪಿ ವಿಳಾಸವನ್ನು (ಅವರ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ತಾನಾಗಿ ಒಂದು ವರ್ಷ ಇಟ್ಟುಕೊಳ್ಳುತ್ತದೆ. ಅಷ್ಟು ಜಾಸ್ತಿ ಬೇಕಿಲ್ಲ, ಸೆಟ್ಟಿಂಗ್‌ನಲ್ಲಿ ಇಳಿಸಿ. ಬೇಡದ ಮಾಹಿತಿಯನ್ನು ಇಟ್ಟುಕೊಳ್ಳದಿರುವುದೇ ದೊಡ್ಡ ರಕ್ಷಣೆ ಅಂತ ನನ್ನ ನಂಬಿಕೆ.

ಇನ್ನು ಪೋಸ್ಟ್ ಅಳಿಸುವ ವಿಷಯ. ನೀವು ಅಳಿಸಿದಾಗ ಉಳಿದ ಸರ್ವರ್‌ಗಳಿಗೆ ‘ಇದನ್ನು ತೆಗೆಯಿರಿ’ ಅಂತ ಸೂಚನೆ ಹೋಗುತ್ತದೆ, ಅಷ್ಟೇ. ತೆಗೆಯಲೇಬೇಕು ಅಂತ ಕಟ್ಟಿಹಾಕಲು ಆಗಲ್ಲ. ಇದನ್ನು ಸದಸ್ಯರಿಗೆ ಸೇರುವಾಗಲೇ ಸರಳ ಕನ್ನಡದಲ್ಲಿ ತಿಳಿಸಿ.