ಸಂಪಾದಕರ ಉತ್ತರ: ಬೋಡಿ ರಾತ್ರೋರಾತ್ರಿ ಖಾಲಿಯಾಯಿತಾ?

ಪ್ರಿಯ ಓದುಗರೇ, ಕಳೆದ ಸಂಚಿಕೆಯಲ್ಲಿ ಬಂದ, ಅಮೆರಿಕದ ಹಳೇ ಚಿನ್ನದ ಗಣಿಯೂರು ಬೋಡಿಯ ಫೋಟೋಗಳನ್ನು ನೋಡಿ ಎರಡು ಪ್ರಶ್ನೆ ಕೇಳಿದ್ದೀರಿ. ಚಿನ್ನ ಮುಗಿದ ಕೂಡಲೇ ಜನ ಊರು ಬಿಟ್ಟರಾ? ಸರ್ಕಾರ ನೋಡಿಕೊಳ್ಳುತ್ತಿದ್ದರೂ ಮನೆಗಳು ಯಾಕೆ ಹಾಗೆ ಸೊಟ್ಟಗಾಗಿವೆ?

ಮೊದಲನೆಯದಕ್ಕೆ ತಪ್ಪೊಪ್ಪಿಗೆ. 'ರಾತ್ರೋರಾತ್ರಿ ಖಾಲಿಯಾದ ಊರು' ಎಂದು ಫೋಟೋದ ಕೆಳಗೆ ಬರೆದವರು ನಾವೇ. ನಿಜವಾಗಿ ಬೋಡಿ ಖಾಲಿಯಾಗಲು ಅರವತ್ತು ವರ್ಷ ಹಿಡಿಯಿತು.

ಡಬ್ಲ್ಯೂ. ಎಸ್. ಬೋಡಿ ಎಂಬಾತ 1859ರಲ್ಲಿ ಕ್ಯಾಲಿಫೋರ್ನಿಯಾದ ಈ ಬೆಟ್ಟಗಳಲ್ಲಿ ಚಿನ್ನ ಕಂಡ. ಅದೇ ಚಳಿಗಾಲ ಹಿಮಗಾಳಿಗೆ ಸಿಕ್ಕಿ ಸತ್ತ. ಊರಿಗೆ ಅವನ ಹೆಸರು ನಿಂತಿತು, ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ಬದಲಾಯಿತು. ಹದಿನೈದು ವರ್ಷ ಅಲ್ಲಿ ಅಂಥದ್ದೇನೂ ನಡೆಯಲಿಲ್ಲ. ಆಮೇಲೆ ಒಂದು ಗಣಿ ಕುಸಿದು, ಒಳಗಿದ್ದ ಒಳ್ಳೆಯ ಅದಿರು ಕಣ್ಣಿಗೆ ಬಿತ್ತು. 1880ರ ಹೊತ್ತಿಗೆ ಜನ ಏಳೆಂಟು ಸಾವಿರ ಇದ್ದರೆಂಬ ಲೆಕ್ಕವಿದೆ. ಹೆಂಡದಂಗಡಿಗಳೇ ಅರವತ್ತಕ್ಕೂ ಜಾಸ್ತಿ. ಚರ್ಚುಗಳು ಎದ್ದಿದ್ದು 1882ರಲ್ಲಿ. ಅಷ್ಟರಲ್ಲಿ ಜನ ಬೇರೆ ಗಣಿಗಳ ಸುದ್ದಿ ಕೇಳಿ ಗಂಟುಮೂಟೆ ಕಟ್ಟಲು ಶುರುಮಾಡಿದ್ದರು!

ಆದರೆ ಊರು ಸಾಯಲಿಲ್ಲ. ನನಗೆ ಇಷ್ಟವಾಗುವುದು ಇಲ್ಲಿಂದ ಮುಂದಿನ ಕಥೆ. ಊರು ಇರುವುದು 8,000 ಅಡಿಗೂ ಮೇಲೆ. ಸುತ್ತ ಮರವಿಲ್ಲ. ಬಾಯ್ಲರ್‌ಗೂ ಸೌದೆ, ಒಲೆಗೂ ಸೌದೆ, ಸುರಂಗಕ್ಕೆ ಆಸರೆ ಕೊಡಲೂ ಮರ. ಅದಕ್ಕೆಂದೇ 1881ರಲ್ಲಿ ಮೋನೋ ಸರೋವರದ ಆಚೆಯ ಕಾಡಿನಿಂದ ರೈಲು ಹಾಕಿದರು. ಹೊರಗಿನ ಯಾವ ರೈಲುಮಾರ್ಗಕ್ಕೂ ಅದು ಕೊನೆಯವರೆಗೂ ಸೇರಲಿಲ್ಲ. ಸೌದೆ ಹೊರುವುದೇ ಅದರ ಕೆಲಸ.

ಸೌದೆಯ ಖರ್ಚು ತಾಳಲಾಗದೆ ಸ್ಟ್ಯಾಂಡರ್ಡ್ ಎಂಬ ಅಲ್ಲಿನ ಗಣಿ ಕಂಪನಿ ಗ್ರೀನ್ ಕ್ರೀಕ್ ಎಂಬ ಹಳ್ಳದ ನೀರಿನಿಂದ ವಿದ್ಯುತ್ ಮಾಡಿತು. 1893ರಲ್ಲಿ ಸುಮಾರು 13 ಮೈಲಿ ದೂರದಿಂದ ತಂತಿ ಎಳೆದು ಅದಿರು ಕುಟ್ಟುವ ಯಂತ್ರಗಳನ್ನು ಓಡಿಸಿತು. ಅಷ್ಟು ದೂರ ಕರೆಂಟು ಸಾಗಿಸುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ತಿರುವು ಬಂದರೆ ಕರೆಂಟು ತಂತಿಯಿಂದ ಆಚೆ ಹಾರಿಬಿಟ್ಟೀತು ಎಂದು ಹೆದರಿ ತಂತಿಯನ್ನು ನೆಟ್ಟಗೆ ಎಳೆದರು ಅಂತ ಒಂದು ಕಥೆಯೂ ಇದೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಜೊತೆಗೆ ಸೈನೈಡ್ ಎಂಬ ರಾಸಾಯನಿಕ ಬಂತು. ಕುಟ್ಟಿ ಎಸೆದಿದ್ದ ಹಳೇ ಪುಡಿಯಲ್ಲಿ ಉಳಿದಿದ್ದ ಚಿನ್ನವನ್ನೂ ಅದು ಕರಗಿಸಿ ಕೊಟ್ಟಿತು. ಕಸವೇ ಗಣಿಯಾಯಿತು, ಅಲ್ವಾ?

ಇಷ್ಟಾದರೂ ಆದಾಯ ಇಳಿಯುತ್ತಲೇ ಹೋಯಿತು. 1917ರಲ್ಲಿ ರೈಲು ನಿಂತಿತು. 1932ರ ಬೆಂಕಿ ಊರಿನ ಬಹುಪಾಲನ್ನು ಸುಟ್ಟಿತು. 1942ರಲ್ಲಿ ಯುದ್ಧದ ಕಾರಣಕ್ಕೆ ಅಮೆರಿಕ ಸರ್ಕಾರ ಚಿನ್ನದ ಗಣಿಗಳನ್ನು ಮುಚ್ಚಿಸಿತು. ಉಳಿದಿದ್ದ ಬೆರಳೆಣಿಕೆಯ ಜನಕ್ಕೂ ಕೆಲಸ ಹೋಯಿತು.

ಇನ್ನು ಸೊಟ್ಟ ಮನೆಗಳು. 1962ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಊರನ್ನು ಪಾರ್ಕ್ ಮಾಡಿ ತನ್ನ ವಶಕ್ಕೆ ತೆಗೆದುಕೊಂಡಿತು. ಹೊಸದು ಮಾಡಬಾರದು, ಬೀಳಲೂ ಬಿಡಬಾರದು ಎಂಬುದು ಅಲ್ಲಿನ ನಿಯಮ. ಮಾಡು, ಕಿಟಕಿ, ಪಾಯ ಸರಿಪಡಿಸುತ್ತಾರೆ. ಬಣ್ಣ ಬಳಿದು ಹೊಸದರ ಹಾಗೆ ಮಾಡುವುದಿಲ್ಲ. ಹಾಗಾಗಿ ನೀವು ನೋಡಿದ ಸೊಟ್ಟ ಗೋಡೆ ಅಸಡ್ಡೆಯಿಂದ ಆದದ್ದಲ್ಲ.

ಒಳಗಿನ ಸಾಮಾನೂ ಹಾಗೇ ಇದೆ. ಸುಮ್ನೆ ನೆನಪಿಗೆಂದು ಒಂದು ಮೊಳೆ ಜೇಬಿಗಿಳಿಸಿದವರಿಗೆ ಶಾಪ ತಟ್ಟುತ್ತದೆ ಎಂಬ ನಂಬಿಕೆ ಬೇರೆ. ಕದ್ದದ್ದನ್ನು ಕ್ಷಮೆಯ ಪತ್ರ ಸಮೇತ ಅಂಚೆಯಲ್ಲಿ ವಾಪಸ್ ಕಳಿಸುವವರು ಈಗಲೂ ಇದ್ದಾರೆ.