ಜಲ್ಲಿ ಸುರಿದರೂ ಕೆಸರು ಹೋಗುತ್ತಿಲ್ಲ, ಏಕೆ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ವಿದ್ಯಾರಣ್ಯಪುರದ ಕಡೆ. ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗೆ 40 ಅಡಿ ಉದ್ದ, 10 ಅಡಿ ಅಗಲದ ಮಣ್ಣಿನ ದಾರಿಯಿದೆ. ಕಾಂಕ್ರೀಟ್ ಹಾಕಿಸಲು ಮನಸ್ಸಿಲ್ಲ. ಎರಡು ವರ್ಷದ ಹಿಂದೆ ಒಂದು ಲೋಡ್ ಮುಕ್ಕಾಲು ಇಂಚು ಜಲ್ಲಿ ಹರಡಿಸಿದೆವು. ಈಗ ಅದರಲ್ಲಿ ಅರ್ಧ ಕಣ್ಣಿಗೇ ಕಾಣುವುದಿಲ್ಲ. ಮಳೆ ಬಂದರೆ ಚಕ್ರದ ಜಾಡಿನಲ್ಲಿ ನೀರು ನಿಲ್ಲುತ್ತದೆ. ಇನ್ನೊಂದು ಲೋಡ್ ಹಾಕಿಸಿ, ಮೂಲೆಯಲ್ಲಿ ಮೂರಡಿಯ ಗುಂಡಿ ತೋಡಿ ಜಲ್ಲಿ ತುಂಬಿಸಿದರೆ ನೀರೆಲ್ಲ ಇಂಗುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ. ಹಾಗೆ ಮಾಡಿಸಬಹುದೇ?

ಉತ್ತರ: ಎರಡೂ ಬೇಡ. ನಿಮ್ಮ ಜಲ್ಲಿ ಎಲ್ಲಿಗೂ ಹೋಗಿಲ್ಲ, ಮಣ್ಣಿನೊಳಗೇ ಇದೆ. ಒದ್ದೆ ಜೇಡಿಮಣ್ಣಿನ ಮೇಲೆ ಕಾರಿನ ಭಾರ ಬಿದ್ದಾಗಲೆಲ್ಲ ಕಲ್ಲು ಕೆಳಗಿಳಿಯುತ್ತದೆ, ಕಲ್ಲಿನ ಸಂದಿಯಿಂದ ಕೆಸರು ಮೇಲೇರುತ್ತದೆ. ಹೊಸ ಲೋಡ್ ಸುರಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಮಣ್ಣನ್ನು ನೋಡಿ. ಒಂದು ಹಿಡಿ ಮಣ್ಣನ್ನು ನೀರು ಚಿಮುಕಿಸಿ ನಾದಿ, ಅಂಗೈಯಲ್ಲಿ ಹೊಸೆದು ಕೋಡುಬಳೆಯಂತೆ ಸುತ್ತಿ. ಬಿರುಕು ಬಿಡದೆ ಸುತ್ತಲು ಬಂದರೆ ಅದು ಅಪ್ಪಟ ಜೇಡಿ. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಜೇಡಿ ಇದ್ದರೂ ಅದು ಹೆಚ್ಚು ಉಬ್ಬುವ ಜಾತಿಯದಲ್ಲ. ಹಳೆಯ ಕೆರೆಯಂಗಳದ ಬೂದು-ಕಪ್ಪು ಗೋಡುಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಊದುತ್ತದೆ. ಅಂಥ ಕಡೆ ಕೆಳಗೆ ಹೇಳುವ ತಳಪದರವನ್ನು ಆರು ಇಂಚಿನ ಬದಲು ಒಂಬತ್ತು ಇಂಚು ಮಾಡಿಸಿ.

ಇನ್ನು ಜಲ್ಲಿಯ ಆಯ್ಕೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಗಾಡಿ ಓಡಾಡುವ ಜಲ್ಲಿಗೆ ಪುಡಿ ಬೇಕು, ನೀರು ಹರಿಯುವ ಜಲ್ಲಿಗೆ ಪುಡಿ ಬೇಡ. ಒಂದೇ ಅಳತೆಯ ಕಲ್ಲುಗಳ ನಡುವೆ ಸುಮಾರು ಶೇಕಡ 40ರಷ್ಟು ಜಾಗ ಖಾಲಿ ಇರುತ್ತದೆ. ನೀರಿಗೆ ಅದು ದಾರಿ, ಚಕ್ರಕ್ಕೆ ಜಾರುಬಂಡೆ. ದಪ್ಪ ಕಲ್ಲಿನ ಸಂದಿಗೆ ಸಣ್ಣ ಕಲ್ಲು, ಸಣ್ಣದರ ಸಂದಿಗೆ ಜಲ್ಲಿಪುಡಿ ಸೇರಿ ದಮ್ಮಸ್ಸು ಬಿದ್ದಾಗಲೇ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುವುದು. ಕ್ರಷರ್‌ನವರು ‘ವೆಟ್ ಮಿಕ್ಸ್’ ಎಂದು ಕೊಡುವುದು ಇಂಥ ಮಿಶ್ರಣವನ್ನೇ. ನೀವು ಹಾಕಿಸಿದ್ದು ಬರಿಯ ಮುಕ್ಕಾಲು ಇಂಚು. ಅದು ಕಾಂಕ್ರೀಟಿಗೆ ಒಳ್ಳೆಯ ಜಲ್ಲಿ, ಆದರೆ ದಾರಿಯ ತಳಕ್ಕೆ ಒಂಟಿಯಾಗಿ ಸಾಲದು.

ಕೆಲಸದ ಕ್ರಮ ಹೀಗಿರಲಿ. ಮೆದು ಮಣ್ಣನ್ನು ಎಂಟು ಇಂಚು ತೆಗೆಸಿ. ವಾಟ, ಅಂದರೆ ನೀರು ಹರಿಯುವ ಇಳಿಜಾರು, ಕೊಡಬೇಕಾದದ್ದು ಈ ಹಂತದಲ್ಲಿ, ಮಣ್ಣಿಗೇ. ಮೇಲಿನ ಜಲ್ಲಿಯಲ್ಲಿ ವಾಟ ಸರಿಪಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಮನೆಯ ಗೋಡೆಯಿಂದ ಆಚೆಗೆ, ಹತ್ತು ಅಡಿ ಅಗಲಕ್ಕೆ ಎರಡೂವರೆ ಇಂಚು ತಗ್ಗಿದ್ದರೆ ಸಾಕು. ಮಣ್ಣಿಗೆ ದಮ್ಮಸ್ಸು ಮಾಡಿಸಿ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಇದು ನೀರನ್ನು ಬಿಟ್ಟು ಕೆಸರನ್ನು ತಡೆಯುವ ಬಟ್ಟೆ. ಕಾಸು ಉಳಿಸಲು ಟಾರ್ಪಾಲಿನ್ ಹಾಸುವವರಿದ್ದಾರೆ. ಆಗ ನೀರು ಜಲ್ಲಿಯೊಳಗೇ ನಿಂತು ಇನ್ನೊಂದು ರಗಳೆ ಶುರುವಾಗುತ್ತದೆ. ಬಟ್ಟೆಯ ಮೇಲೆ ವೆಟ್ ಮಿಕ್ಸನ್ನು ಮೂರು ಮೂರು ಇಂಚಿನಂತೆ ಎರಡು ಸಲ ಹರಡಿ, ಪ್ರತಿ ಸಲವೂ ನೀರು ಚಿಮುಕಿಸಿ ಯಂತ್ರದಿಂದ ದಮ್ಮಸ್ಸು ಮಾಡಿಸಿ. ಆರು ಇಂಚನ್ನು ಒಟ್ಟಿಗೇ ಸುರಿದರೆ ಸಣ್ಣ ಯಂತ್ರದ ಬಡಿತ ತಳಕ್ಕೆ ಮುಟ್ಟುವುದಿಲ್ಲ. ಮೇಲೆ ಎರಡು ಇಂಚು, 12 ಎಂಎಂ ಜಲ್ಲಿ. ಎರಡೂ ಅಂಚಿಗೆ ಸೈಜುಗಲ್ಲು ನಿಲ್ಲಿಸದಿದ್ದರೆ ಜಲ್ಲಿ ವರ್ಷದೊಳಗೆ ಹೂವಿನ ಪಾತಿ ಸೇರುತ್ತದೆ. ನಿಮ್ಮ ಅಳತೆಗೆ ವೆಟ್ ಮಿಕ್ಸ್ 12ರಿಂದ 13 ಟನ್, ಮೇಲಿನ ಜಲ್ಲಿ ಸುಮಾರು 3 ಟನ್ ಬೇಕಾದೀತು. ‘ಒಂದು ಲೋಡ್’ ಎಂಬ ಲೆಕ್ಕದಲ್ಲಿ ಕೊಳ್ಳಬೇಡಿ. ಟಿಪ್ಪರ್‌ಗೊಂದು ಲೋಡ್, ಟ್ರ್ಯಾಕ್ಟರಿಗೊಂದು ಲೋಡ್. ತೂಕದ ಚೀಟಿ ಕೇಳಿ.

ತಳಕ್ಕೆ ಕಟ್ಟಡ ಒಡೆದ ಡೆಬ್ರಿಸ್ ತುಂಬಿಸೋಣ ಎಂಬ ಸಲಹೆಯೂ ಬಂದೇ ಬರುತ್ತದೆ. ಅದರಲ್ಲಿನ ಇಟ್ಟಿಗೆ ಚೂರು, ಗಾರೆಪುಡಿ ನಾಲ್ಕು ಮಳೆಗೆ ಮತ್ತೆ ಮಣ್ಣೇ ಆಗುತ್ತವೆ.

ಈಗ ಆ ಮೂರಡಿಯ ಗುಂಡಿ. ಮೂರಡಿ ಉದ್ದ, ಅಗಲ, ಆಳದ ಗುಂಡಿಯಲ್ಲಿ 765 ಲೀಟರ್ ನೀರು ಹಿಡಿಯುತ್ತದೆ. ಜಲ್ಲಿ ತುಂಬಿದರೆ ಉಳಿಯುವ ಜಾಗ 300 ಲೀಟರಿನಷ್ಟು. ನಿಮ್ಮ 400 ಚದರ ಅಡಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಬರುವುದು 1,850 ಲೀಟರ್. ಸೆಪ್ಟೆಂಬರ್, ಅಕ್ಟೋಬರಿನ ಸಂಜೆಗಳಲ್ಲಿ ಅಂಥ ಮಳೆ ಈ ಊರಿಗೆ ಹೊಸದಲ್ಲ. ಸುತ್ತ ಜೇಡಿ ಇರುವಾಗ ಆ ಗುಂಡಿ ಇಂಗುಗುಂಡಿಯಲ್ಲ, ಕಲ್ಲು ತುಂಬಿದ ತೊಟ್ಟಿ. ಅನುಮಾನವಿದ್ದರೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆಯಿರಿ. ಅರ್ಧ ಇಂಚೂ ಇಳಿಯದಿದ್ದರೆ ಇಂಗಿಸುವ ಆಸೆ ಬಿಟ್ಟು ನೀರನ್ನು ಹೊರಗೆ ಸಾಗಿಸಿ.

ಸಾಗಿಸುವುದಕ್ಕೆ ದಾರಿಯ ತಗ್ಗಿನ ಬದಿಯಲ್ಲಿ ಒಂದಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಿಸಿ. ಒಳಗೆಲ್ಲ ಅದೇ ಬಟ್ಟೆ ಹಾಸಿ, ಎರಡು ಇಂಚು ದಪ್ಪಕ್ಕೆ ಜಲ್ಲಿ, ಅದರ ಮೇಲೆ ನಾಲ್ಕು ಇಂಚಿನ ತೂತಿನ ಪಿವಿಸಿ ಪೈಪ್, ಉಳಿದದ್ದಕ್ಕೆ 20 ಎಂಎಂ ಜಲ್ಲಿ. ಇಲ್ಲಿ ಪುಡಿ ಒಂದಿಷ್ಟೂ ಇರಕೂಡದು: ಒಂದು ಹಿಡಿ ಜಲ್ಲಿಯನ್ನು ಬಕೆಟ್ ನೀರಿನಲ್ಲಿ ಅಲುಗಾಡಿಸಿ ನೋಡಿ, ನೀರು ರಾಡಿಯಾದರೆ ತೊಳೆಸಿಯೇ ಹಾಕಿಸಿ. ಪೈಪಿನ ತೂತುಗಳು ಕೆಳಮುಖವಾಗಿರಬೇಕು. ಇದನ್ನು ಹೇಳಿದರೆ ಪ್ಲಂಬರ್ ನಗುತ್ತಾರೆ, ನಗಲಿ. ಕಾಲುವೆಯಲ್ಲಿ ನೀರು ಏರುವುದು ತಳದಿಂದ. ತೂತು ಮೇಲಿದ್ದರೆ ಪೈಪ್ ಮುಳುಗುವವರೆಗೂ ಅದರೊಳಗೆ ನೀರು ಬರುವುದಿಲ್ಲ. 40 ಅಡಿಗೆ ಐದು ಇಂಚು ವಾಟ ಸಾಕು. ಕಾಲುವೆ ಮನೆಯ ತಳಪಾಯಕ್ಕೆ ಒತ್ತಿಕೊಂಡಿರದೆ ಮೂರ್ನಾಲ್ಕು ಅಡಿ ದೂರವಿರಲಿ.

ಇಷ್ಟಕ್ಕೆ ಕೈಹಾಕುವ ಮೊದಲು ರಸ್ತೆಯ ಮೋರಿಯ ತಳ ನಿಮ್ಮ ಪೈಪಿನ ತುದಿಗಿಂತ ಕೆಳಗಿದೆಯೇ ಎಂದು ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ನೋಡಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತಾ, ಹಳೆಯ ಮನೆಗಳು ತಗ್ಗಿಗೆ ಹೋಗಿರುವುದು ನಮ್ಮ ಅನೇಕ ಬಡಾವಣೆಗಳ ಕಥೆ. ನಿಮ್ಮದೂ ಹಾಗಿದ್ದರೆ ಮಣ್ಣು ತೆಗೆಸುವ ಬದಲು ದಾರಿಯನ್ನೇ ಎತ್ತರಿಸಬೇಕು. ಈ ನೀರನ್ನು ಒಳಚರಂಡಿಯ ಚೇಂಬರಿಗೆ ಮಾತ್ರ ಬಿಡಬೇಡಿ; ಅದು ನಿಷಿದ್ಧ, ಜೊತೆಗೆ ಜೋರು ಮಳೆಯಲ್ಲಿ ಕೊಳಚೆ ಯಾರದ್ದಾದರೂ ಬಚ್ಚಲಿಗೆ ವಾಪಸು ಬರುತ್ತದೆ.

ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಒದ್ದೆ ಜೇಡಿಗೆ ದಮ್ಮಸ್ಸು ಹತ್ತುವುದಿಲ್ಲ.

ಪ್ರಶ್ನೆ: ಕಾರು ನಿಲ್ಲುವ ಜಾಗಕ್ಕೆ ಬಿಳಿಯ ನುಣುಪುಗಲ್ಲು ಹಾಕಿಸಬೇಕೆಂದು ಮಗಳ ಆಸೆ. ತಾಳುತ್ತದೆಯೇ? ತಾರಸಿಯ ನೀರನ್ನು ಅದರ ಕೆಳಗೇ ಇಂಗಿಸಬಹುದೇ?

ಉತ್ತರ: ಕಲ್ಲು ತಾಳುತ್ತದೆ, ಜಾಗದಲ್ಲಿ ನಿಲ್ಲುವುದಿಲ್ಲ. ಉರುಟು ಕಲ್ಲು ಒಂದನ್ನೊಂದು ಕಚ್ಚುವುದಿಲ್ಲ. ನಾನೇ ಒಮ್ಮೆ ಹಾಕಿಸಿ, ಬೆಳಿಗ್ಗೆ ಹಾಲಿಗೆ ಹೋಗುವಾಗಲೆಲ್ಲ ರಸ್ತೆಯಿಂದ ನಾಲ್ಕು ಕಲ್ಲು ಆರಿಸಿ ತರುತ್ತಿದ್ದೆ. ಗಿಡದ ಬುಡಕ್ಕೆ, ಸಜ್ಜದ ಹನಿ ಬೀಳುವ ಸಾಲಿಗೆ ಹಾಕಿ ಮಗಳನ್ನು ಒಪ್ಪಿಸಿ.

ತಾರಸಿ ನೀರಿಗೆ ಇಂಗುಬಾವಿ ಬೇರೆಯೇ ಇರಲಿ. ಮೂರಡಿ ವ್ಯಾಸದ ಸಿಮೆಂಟ್ ಉಂಗುರ ಇಳಿಸಿ, ಜೇಡಿಪದರ ದಾಟಿ ನೀರು ಇಂಗುವ ಗರಸು ಮಣ್ಣು ಸಿಗುವವರೆಗೆ, ಸಾಮಾನ್ಯವಾಗಿ 15–20 ಅಡಿ ತೋಡಿಸಬೇಕು. ಕಾರಿನ ಎಣ್ಣೆ ಬೀಳುವ ಜಾಗದ ನೀರು ಅದಕ್ಕೆ ಸೇರಬಾರದು. ಕೆರೆಯ ಪಕ್ಕ ಅಂತರ್ಜಲ ಮೇಲೆಯೇ ಇದ್ದರೆ ಬಾವಿ ತೋಡಿ ಫಲವಿಲ್ಲ. ಜಯನಗರ 5ನೇ ಬ್ಲಾಕಿನ ಮಳೆನೀರು ಸಂಗ್ರಹ ಥೀಮ್ ಪಾರ್ಕಿನಲ್ಲಿ ಮಾದರಿಗಳಿವೆ. ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ.