ಕೊಂಡಿ ಕೇಳುವ ಪತ್ರ ಹೇಗಿರಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಪ್ಪೆಮಿಡಿ ಮಾವಿನ ತಳಿಗಳ ಬಗ್ಗೆ ಕನ್ನಡದಲ್ಲಿ ಒಂದು ಜಾಲತಾಣ ನಡೆಸುತ್ತಿದ್ದೇನೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲ ಮೊದಲಾದ ತಳಿಗಳ ಚಿತ್ರ, ಕಸಿ ಕಟ್ಟುವ ಕ್ರಮ, ಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವ ವಿಧಾನ ಎಲ್ಲವೂ ಅದರಲ್ಲಿವೆ. ಕಸಿ ಗಿಡಗಳನ್ನೂ ಮಾರುತ್ತೇನೆ. ಗೂಗಲ್ ಹುಡುಕಾಟದಲ್ಲಿ ತಾಣ ಮೇಲಕ್ಕೆ ಬರಲು ಬೇರೆ ತಾಣಗಳಿಂದ ಬ್ಯಾಕ್‌ಲಿಂಕ್, ಅಂದರೆ ನಮ್ಮ ತಾಣಕ್ಕೆ ಬರುವ ಕೊಂಡಿ, ಬೇಕೆಂದು ತಿಳಿದು ಹಲವರಿಗೆ ಇಮೇಲ್ ಕಳಿಸಿದೆ. ಒಬ್ಬರು ಹಣ ಕೇಳಿದರು, ಉಳಿದವರು ಉತ್ತರಿಸಲೇ ಇಲ್ಲ. ನಾನು ಬರೆದದ್ದು ಇಷ್ಟು: ‘ಮಾನ್ಯರೇ, ನಿಮ್ಮ ವೆಬ್‌ಸೈಟ್ ತುಂಬಾ ಚೆನ್ನಾಗಿದೆ. ನಾನೂ ಒಂದು ವೆಬ್‌ಸೈಟ್ ನಡೆಸುತ್ತಿದ್ದೇನೆ. ದಯವಿಟ್ಟು ಅದಕ್ಕೆ ಬ್ಯಾಕ್‌ಲಿಂಕ್ ಕೊಡಿ. ನಾನೂ ನಿಮಗೆ ಕೊಡುತ್ತೇನೆ.’ ಇದರಲ್ಲಿ ತಪ್ಪೇನಿದೆ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಅವಿನಯವೇನೂ ಇಲ್ಲ. ಆದರೆ ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದಾಗಿತ್ತು; ಅದೇ ಅದರ ದೋಷ. ಅಡುಗೆಯ ತಾಣಕ್ಕೂ ಟ್ರ್ಯಾಕ್ಟರ್ ಮಾರುವವರ ತಾಣಕ್ಕೂ ಒಂದಕ್ಷರ ಬದಲಿಸದೆ ಹೋಗಬಲ್ಲ ಪತ್ರವನ್ನು ಓದುವವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ, ಏಕೆಂದರೆ ಸ್ವಲ್ಪ ಹೆಸರಾದ ಯಾವ ತಾಣ ನಡೆಸುವವರಿಗೂ ಇಂಥವು ಬರುತ್ತಲೇ ಇರುತ್ತವೆ. ‘ತುಂಬಾ ಚೆನ್ನಾಗಿದೆ’ ಎಂದಿದ್ದೀರಿ, ಏನು ಚೆನ್ನಾಗಿದೆ ಎಂದು ಹೇಳಿಲ್ಲ. ನಿಮ್ಮ ತಾಣ ಯಾವುದರ ಬಗ್ಗೆ ಎಂಬುದೂ ಪತ್ರದಲ್ಲಿಲ್ಲ. ಅಪ್ಪೆಮಿಡಿ ಎಂಬ ಒಂದು ಪದವಾದರೂ ಇದ್ದಿದ್ದರೆ ಮಲೆನಾಡಿನವರು ಯಾರಾದರೂ ಕುತೂಹಲಕ್ಕಾದರೂ ತೆರೆದು ನೋಡುತ್ತಿದ್ದರೇನೋ.

ಕೊನೆಯ ವಾಕ್ಯವಂತೂ ನಿಮಗೇ ತಿರುಗಿಬೀಳುವಂಥದ್ದು. ಗೂಗಲ್ ಸ್ಥಾಪಕರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ, ಅಂದರೆ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಪ್ರಕಟಿಸಿದ ಪ್ರಬಂಧದ ಮೂಲ ವಿಚಾರವೇ ಒಂದು ಪುಟಕ್ಕೆ ಇತರ ಪುಟಗಳು ಕೊಡುವ ಕೊಂಡಿಗಳಿಂದ ಅದರ ಮಹತ್ವವನ್ನು ಅಳೆಯಬಹುದು ಎಂಬುದಾಗಿತ್ತು. ಈ ಅಳತೆಯನ್ನು ಮೋಸಗೊಳಿಸಲು ಜನ ಕೊಂಡಿಗಳನ್ನು ಕೊಳ್ಳುವುದು, ಮಾರುವುದು, ಅದಲುಬದಲು ಮಾಡಿಕೊಳ್ಳುವುದು ಹೆಚ್ಚಿದ ಮೇಲೆ ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆಯನ್ನು ತಂದು ಅಂಥ ತಾಣಗಳನ್ನು ಕೆಳಕ್ಕೆ ತಳ್ಳಿತು. ನೀನು ನನಗೆ ಕೊಡು, ನಾನು ನಿನಗೆ ಕೊಡುತ್ತೇನೆ ಎಂಬ ಲೆಕ್ಕದಲ್ಲಿ ಮಿತಿಮೀರಿ ನಡೆಯುವ ವಿನಿಮಯ ಇಂದಿಗೂ ಅವರ ನಿಯಮಗಳಿಗೆ ವಿರುದ್ಧ. ಸ್ನೇಹಿತರ ತಾಣಗಳು ಪರಸ್ಪರ ಉಲ್ಲೇಖಿಸಿಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ. ಅಪರಿಚಿತರೊಂದಿಗೆ ಅದನ್ನೇ ವ್ಯವಹಾರವಾಗಿ ಮುಂದಿಟ್ಟರೆ ತಿಳಿದವರು ದೂರ ಸರಿಯುತ್ತಾರೆ.

ಹೀಗಾಗಿ ಪತ್ರ ಬರೆಯುವುದಕ್ಕಿಂತ ಮುಂಚಿನ ಕೆಲಸವೇ ದೊಡ್ಡದು. ಮಿಡಿ ಉಪ್ಪಿನಕಾಯಿಯ ಬಗ್ಗೆ ಬರೆದ ಅಡುಗೆ ತಾಣಗಳು, ಮಾವಿನ ತಳಿ ಸಂರಕ್ಷಣೆಯ ಲೇಖನಗಳು, ಮಲೆನಾಡಿನ ಹೋಂಸ್ಟೇಗಳ ಪುಟಗಳು, ಊರಿನ ತಿನಿಸುಗಳ ಬಗ್ಗೆ ಬರೆಯುವ ಹೊರನಾಡ ಕನ್ನಡ ಸಂಘಗಳು – ಇವುಗಳಲ್ಲಿ ನಿಮ್ಮ ವಿಷಯ ಬಂದಿರುವ ಪುಟಗಳನ್ನು ಹುಡುಕಿ ಪೂರ್ತಿ ಓದಿರಿ. ಓದುವಾಗ ಅಲ್ಲಿರುವ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿರಿ. ಸರ್ಕಾರಿ ಇಲಾಖೆಗಳೂ ವಿಶ್ವವಿದ್ಯಾಲಯಗಳೂ ತಮ್ಮ ತಾಣದ ವಿನ್ಯಾಸ ಬದಲಿಸಿದಾಗ ಹಳೆಯ ವಿಳಾಸಗಳು ಸಾಯುವುದು ಸಾಮಾನ್ಯ. ಹಾಗೆ ಸತ್ತ ಪುಟದಲ್ಲಿ ಮೊದಲು ಏನಿತ್ತೆಂಬುದನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷೀನ್‌ನಲ್ಲಿ ಅನೇಕ ಸಲ ಕಾಣಬಹುದು. ಅಲ್ಲಿದ್ದ ಮಾಹಿತಿಗೆ ಸಮನಾದದ್ದು ನಿಮ್ಮ ತಾಣದಲ್ಲಿದ್ದರೆ, ಪತ್ರ ಬರೆಯಲು ನಿಮಗೆ ನ್ಯಾಯವಾದ ಕಾರಣ ಸಿಕ್ಕಿತು. ಇಲ್ಲದಿದ್ದರೆ ಮೊದಲು ಆ ಪುಟವನ್ನು ಸಿದ್ಧಪಡಿಸಿ, ಆಮೇಲೆ ಬರೆಯಿರಿ.

ಅಂಥ ಒಂದು ಪತ್ರದ ಮಾದರಿ ಇಲ್ಲಿದೆ:

‘ವಿಷಯ: ನಿಮ್ಮ ಮಿಡಿ ಉಪ್ಪಿನಕಾಯಿ ಲೇಖನದಲ್ಲಿ ತೆರೆಯದ ಒಂದು ಕೊಂಡಿ

ನಮಸ್ಕಾರ ಮೇಡಂ,
ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಸೇರಿದರೆ ಇಡೀ ಭರಣಿ ಕೆಡುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಮ್ಮ ಕಡೆ ಕೊಯ್ಯುವವರು ಇದೇ ಕಾರಣಕ್ಕೆ ಮಿಡಿಯನ್ನು ತೊಟ್ಟಿನ ಸಮೇತ ಕಿತ್ತು, ಚೀಲಕ್ಕೆ ಹಗ್ಗ ಕಟ್ಟಿ ಮರದಿಂದ ಇಳಿಸುತ್ತಾರೆ. ಅದೇ ಲೇಖನದಲ್ಲಿ ತಳಿಗಳ ಪಟ್ಟಿಗೆಂದು ಕೊಟ್ಟಿರುವ ಕೊಂಡಿ ಈಗ ತೆರೆಯುತ್ತಿಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲ ಮುಂತಾದ ತಳಿಗಳ ಮಿಡಿ ಮತ್ತು ಎಲೆಗಳ ಚಿತ್ರಗಳಿರುವ ಪುಟವೊಂದು ನಮ್ಮ ತಾಣದಲ್ಲಿದೆ, ವಿಳಾಸ ಕೆಳಗಿದೆ. ನಿಮ್ಮ ಓದುಗರಿಗೆ ಉಪಯೋಗವಾದೀತೆನಿಸಿದರೆ ಆ ಜಾಗದಲ್ಲಿ ಬಳಸಿಕೊಳ್ಳಬಹುದು. ನಾನು ಕಸಿ ಗಿಡಗಳನ್ನು ಮಾರುವವನೂ ಹೌದು. ಈ ಪುಟದಲ್ಲಿ ಮಾರಾಟದ ವಿಷಯವಿಲ್ಲ.
ಇಂತಿ,
ಹೆಸರು, ಊರು, ಫೋನ್ ಸಂಖ್ಯೆ’

ಇದರಲ್ಲಿ ಬ್ಯಾಕ್‌ಲಿಂಕ್ ಎಂಬ ಮಾತೇ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಲೇಖನವನ್ನು ಓದಿದ್ದಕ್ಕೆ ಸಾಕ್ಷಿಯಿದೆ, ಅವರಿಗೆ ತಿಳಿಯದಿದ್ದ ಒಂದು ಲೋಪದ ಸುಳಿವಿದೆ, ಕೋರಿಕೆ ಒಂದೇ ಇದೆ. ಗಿಡ ಮಾರುವ ವಿಷಯವನ್ನು ಮುಚ್ಚಿಡದಿರುವುದು ಬಹಳ ಮುಖ್ಯ, ಏಕೆಂದರೆ ಅವರು ನಿಮ್ಮ ತಾಣಕ್ಕೆ ಬಂದೊಡನೆ ಅದು ಹೇಗೂ ಕಣ್ಣಿಗೆ ಬೀಳುತ್ತದೆ. ತಾಣದ ಮುಖಪುಟದ ವಿಳಾಸ ಕೊಡದೆ ಸಂಬಂಧಪಟ್ಟ ಪುಟದ ವಿಳಾಸವನ್ನೇ ಕೊಡಿರಿ. ಯಾವ ಪದಗಳ ಮೇಲೆ ಕೊಂಡಿ ಹಾಕಬೇಕೆಂದು ಮಾತ್ರ ಸೂಚಿಸಬೇಡಿರಿ: ‘ಅಪ್ಪೆಮಿಡಿ ಕಸಿ ಗಿಡ ಮಾರಾಟ’ ಎಂಬ ಒಂದೇ ಪದಗುಚ್ಛ ಹತ್ತು ತಾಣಗಳಲ್ಲಿ ಕಾಣಿಸಿಕೊಂಡರೆ ಅದು ಸಹಜವಾಗಿ ಬಂದದ್ದಲ್ಲವೆಂದು ಯಂತ್ರಕ್ಕೂ ತಿಳಿಯುತ್ತದೆ, ಮನುಷ್ಯರಿಗೂ ತಿಳಿಯುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಕನ್ನಡದಲ್ಲೇ ಬರೆಯಿರಿ. ನಮ್ಮಲ್ಲಿ ಅನೇಕರು ಇಂಥ ಪತ್ರವೆಂದರೆ ಇಂಗ್ಲಿಷಿನಲ್ಲಿರಬೇಕೆಂದು ಭಾವಿಸಿ ಯಾವುದೋ ಸಿದ್ಧ ನಮೂನೆಯನ್ನು ನಕಲು ಮಾಡುತ್ತಾರೆ. ಆ ನಮೂನೆ ಸ್ವೀಕರಿಸುವವರಿಗೆ ಈಗಾಗಲೇ ಬಾಯಿಪಾಠವಾಗಿರುತ್ತದೆ. ಕಾಲವನ್ನೂ ನೋಡಿಕೊಳ್ಳಿರಿ. ಮಿಡಿಯ ಹಂಗಾಮು ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಬರುವುದರಿಂದ, ಉಪ್ಪಿನಕಾಯಿಯ ಬಗ್ಗೆ ಬರೆಯುವವರು ಹಳೆಯ ಲೇಖನಗಳನ್ನು ತಿದ್ದುವುದೂ ಹೊಸದನ್ನು ಯೋಚಿಸುವುದೂ ಅದಕ್ಕೆ ಸ್ವಲ್ಪ ಮುಂಚೆ. ಜನವರಿಯಲ್ಲಿ ತಲುಪಿದ ಪತ್ರಕ್ಕೆ ಸಿಗುವ ಗಮನ ಆಷಾಢದಲ್ಲಿ ಸಿಗಲಾರದು.

ಪ್ರಶ್ನೆ: ಹಣ ಕೊಟ್ಟು ಕೊಂಡಿ ಪಡೆಯುವುದು ತಪ್ಪೆಂದು ಗೊತ್ತು. ಆದರೆ ನಾವು ತಯಾರಿಸುವ ಉಪ್ಪಿನಕಾಯಿಯ ಒಂದು ಭರಣಿಯನ್ನು ಪ್ರೀತಿಯಿಂದ ಕಳಿಸಿ, ಅದರ ಬಗ್ಗೆ ಬರೆದು ಕೊಂಡಿ ಕೊಡಿ ಎಂದು ಕೇಳಬಹುದೇ?
– ಗೃಹೋದ್ಯಮಿಯೊಬ್ಬರು, ಶಿರಸಿ

ಉತ್ತರ: ಪ್ರೀತಿಯಿಂದ ಕಳಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ, ‘ಕೊಂಡಿ ಕೊಡಿ’ ಎಂಬ ಷರತ್ತು ಸೇರಿದೊಡನೆ ಅದು ಬೆಲೆಯಾಗುತ್ತದೆ. ಉತ್ಪನ್ನವನ್ನು ಉಚಿತವಾಗಿ ಕೊಟ್ಟು ಅದಕ್ಕೆ ಪ್ರತಿಯಾಗಿ ಬರಹವನ್ನೂ ಕೊಂಡಿಯನ್ನೂ ಪಡೆಯುವುದನ್ನು ಗೂಗಲ್ ಹಣ ಕೊಟ್ಟಂತೆಯೇ ಪರಿಗಣಿಸುತ್ತದೆ. ಬರೆಯುವವರು ಆ ಕೊಂಡಿಗೆ, ಅದು ಪ್ರತಿಫಲಕ್ಕಾಗಿ ಹಾಕಿದ್ದೆಂದು ಗೂಗಲ್‌ಗೆ ತಿಳಿಸುವ ‘ಸ್ಪಾನ್ಸರ್ಡ್’ ಎಂಬ ಗುರುತನ್ನು ಪುಟದ ಕೋಡ್‌ನಲ್ಲಿ ಹಾಕಿದರೆ ತೊಂದರೆಯಿಲ್ಲ. ಈ ಕೊಂಡಿಯನ್ನು ಶಿಫಾರಸೆಂದು ಎಣಿಸಬೇಡಿ ಎಂದು ಹೇಳುವ, 2005ರಿಂದ ಇದ್ದ ‘ನೋಫಾಲೋ’ ಗುರುತಿನ ಜತೆಗೆ ಇದನ್ನು 2019ರಲ್ಲಿ ಜಾರಿಗೆ ತಂದರು. ಅಂಥ ಕೊಂಡಿಯಿಂದ ಹುಡುಕಾಟದ ಸ್ಥಾನ ಮೇಲೇರುತ್ತದೆಂದು ಲೆಕ್ಕ ಹಾಕುವಂತಿಲ್ಲ, ಆದರೆ ಅದನ್ನು ಒತ್ತಿ ಬರುವವರು ಗಿರಾಕಿಗಳಾಗಬಹುದು. ಉಪ್ಪಿನಕಾಯಿ ಮಾರುವವರಿಗೆ ಎರಡನೆಯದೇ ಹೆಚ್ಚು ಲಾಭದ್ದೆಂದು ನನ್ನ ಅಭಿಪ್ರಾಯ. ಭರಣಿಯನ್ನು ಕಳಿಸಿ, ರುಚಿ ನೋಡಿರೆಂದಷ್ಟೇ ಬರೆಯಿರಿ.

ಪ್ರಶ್ನೆ: ಉತ್ತರ ಬಾರದಿದ್ದರೆ ಎಷ್ಟು ಸಲ ನೆನಪಿಸಬಹುದು? ನನ್ನ ಪತ್ರಗಳು ಸ್ಪ್ಯಾಮ್ ಪೆಟ್ಟಿಗೆಗೆ ಹೋಗುತ್ತಿವೆಯೇ ಎಂಬ ಅನುಮಾನವೂ ಇದೆ.
– ಓದುಗರೊಬ್ಬರು, ಮೈಸೂರು

ಉತ್ತರ: ಒಂದು ಸಲ, ವಾರ ಹತ್ತು ದಿನ ಬಿಟ್ಟು, ಅದೇ ಪತ್ರದ ಕೆಳಗೆ ಎರಡು ಸಾಲಿನಲ್ಲಿ. ಅದಕ್ಕೂ ಉತ್ತರವಿಲ್ಲದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ. ಸ್ಪ್ಯಾಮ್ ವಿಷಯದಲ್ಲಿ ಎರಡು ಕಡೆ ನೋಡಬೇಕು. ಸ್ವಂತ ಡೊಮೇನ್‌ನ ಇಮೇಲ್ ವಿಳಾಸದಿಂದ ಕಳಿಸುತ್ತಿದ್ದರೆ, ಪತ್ರ ನಿಜವಾಗಿ ನಿಮ್ಮ ಡೊಮೇನ್‌ನದೇ ಎಂದು ತೋರಿಸುವ ಎಸ್‌ಪಿಎಫ್ ಮತ್ತು ಡಿಕೆಐಎಂ ಎಂಬ ದೃಢೀಕರಣಗಳನ್ನು ಹೊಂದಿಸಿದೆಯೇ ಎಂದು ಹೋಸ್ಟಿಂಗ್‌ನವರಲ್ಲಿ ವಿಚಾರಿಸಿರಿ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವವರೆಲ್ಲರಿಗೂ ಇವೆರಡರಲ್ಲಿ ಒಂದಾದರೂ ಇರಲೇಬೇಕು, ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಎರಡೂ ಬೇಕು, ಜತೆಗೆ ಈ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್ ಕೂಡ. ಇನ್ನೊಂದು, ನೂರಾರು ವಿಳಾಸಗಳನ್ನು ಬಿಸಿಸಿಯಲ್ಲಿ (ಪಡೆದವರಿಗೆ ಇತರರ ವಿಳಾಸ ಕಾಣದ ಜಾಗದಲ್ಲಿ) ತುಂಬಿ ಒಂದೇ ಪತ್ರವನ್ನು ಕಳಿಸುವ ಅಭ್ಯಾಸ. ಪಡೆದವರಲ್ಲಿ ಕೆಲವರು ಸ್ಪ್ಯಾಮ್ ಎಂದು ಗುರುತಿಸಿದರೂ ಸಾಕು, ಮುಂದೆ ನೀವು ಶ್ರದ್ಧೆಯಿಂದ ಬರೆದ ಪತ್ರವೂ ಅದೇ ಪೆಟ್ಟಿಗೆಗೆ ಬೀಳಬಹುದು.

ಪ್ರಶ್ನೆ: ಕನ್ನಡ ವಿಕಿಪೀಡಿಯದ ಲೇಖನದಲ್ಲಿ ನನ್ನ ತಾಣದ ಕೊಂಡಿಯನ್ನು ನಾನೇ ಸೇರಿಸಿದೆ, ಯಾರೋ ತೆಗೆದುಹಾಕಿದರು. ಮತ್ತೆ ಸೇರಿಸಲೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ. ಸ್ವಂತ ತಾಣದ ಕೊಂಡಿಯನ್ನು ತಾವೇ ಸೇರಿಸುವುದನ್ನು ಅಲ್ಲಿ ಸ್ವಹಿತದ ಕೆಲಸವೆಂದು ಕಾಣುತ್ತಾರೆ. ಅಲ್ಲದೆ ವಿಕಿಪೀಡಿಯದ ಹೊರಕೊಂಡಿಗಳಿಗೆ ‘ನೋಫಾಲೋ’ ಗುರುತಿರುವುದರಿಂದ ನೀವೆಣಿಸಿದ ಲಾಭವೂ ಸಿಗುವುದಿಲ್ಲ. ಲೇಖನದಲ್ಲಿ ಆಧಾರವಿಲ್ಲದ ವಾಕ್ಯವೊಂದಿದ್ದು ಅದಕ್ಕೆ ನಿಮ್ಮ ಪುಟ ನಿಜವಾಗಿ ಆಧಾರವಾಗಬಲ್ಲುದಾದರೆ, ಅದು ನಿಮ್ಮದೇ ತಾಣವೆಂದು ತಿಳಿಸಿ ಚರ್ಚೆ ಪುಟದಲ್ಲಿ ಬರೆಯಿರಿ. ಸೇರಿಸುವುದೋ ಬಿಡುವುದೋ ಅಲ್ಲಿನ ಸಂಪಾದಕರು ತೀರ್ಮಾನಿಸುತ್ತಾರೆ.